ಅಂಗಳಕ್ಕೆ ನಳ ಬಂತು, ಉರಿಮೂತ್ರ ಹೋಯಿತು!

ಆರೋಗ್ಯ ಪ್ರಶ್ನೋತ್ತರ

ಪ್ರಶ್ನೆ: ಡಾಕ್ಟರೇ, ಮೊದಲು ಊರಾಚೆಯ ಬೋರಿಂಗಿನಿಂದ ದಿನಕ್ಕೆ ಎಂಟು-ಹತ್ತು ಕೊಡ ನೀರು ಹೊರುತ್ತಿದ್ದೆ. ಹೋದ ವರ್ಷ ಅಂಗಳಕ್ಕೇ ನಳ ಬಂತು. ಸೊಂಟನೋವು ಕಡಿಮೆಯಾಗಿದ್ದು ಸರಿ. ಆದರೆ ಪ್ರತಿ ಬೇಸಿಗೆ ಕಾಡುತ್ತಿದ್ದ ಉರಿಮೂತ್ರವೂ ಈ ಸಲ ಬರಲಿಲ್ಲ. ನಳಕ್ಕೂ ಇದಕ್ಕೂ ಸಂಬಂಧವಿದೆಯೇ? ಕೇಳಿದರೆ ಅತ್ತೆ ನಗುತ್ತಾರೆ.
– ಗೃಹಿಣಿ, ಸಂಡೂರು ತಾಲ್ಲೂಕು

ಉತ್ತರ: ಸಂಬಂಧವಿದೆ ತಾಯಿ. ಅತ್ತೆಯವರಿಗೂ ಇದನ್ನು ಓದಿ ಹೇಳಿ. ಹೊತ್ತು ತಂದ ನೀರನ್ನು ಯಾರೂ ಧಾರಾಳವಾಗಿ ಬಳಸುವುದಿಲ್ಲ. ದನಕರುಗಳಿಗೆ, ಅಡುಗೆಗೆ, ಗಂಡಸರ ಸ್ನಾನಕ್ಕೆ ಎಲ್ಲ ಆದ ಮೇಲೆ ಹೊತ್ತವಳಿಗೆ ಉಳಿಯುವುದು ತಳದ ಒಂದು ಚೊಂಬು. ಅದರ ಮೇಲೆ, ಹೊಲದಲ್ಲಿ ಮರೆ ಇರುವುದಿಲ್ಲವೆಂದು ಹೆಣ್ಣುಮಕ್ಕಳು ಬೇಕೆಂದೇ ಕಡಿಮೆ ಕುಡಿಯುತ್ತಾರೆ. ನಮ್ಮ ಕಡೆಯ ಬೇಸಿಗೆಯಲ್ಲಿ ಇಷ್ಟು ಸಾಕು: ಮೂತ್ರ ಕಡಿಮೆಯಾಗಿ ಗಾಢ ಹಳದಿಗೆ ತಿರುಗುತ್ತದೆ, ಸೋಂಕಿಗೆ ಜಾಗ ಸಿಗುತ್ತದೆ, ಕೆಲವರಿಗೆ ಕಲ್ಲೂ ಆಗುತ್ತದೆ. ಔಷಧಿ ಬರೆದುಕೊಟ್ಟು 'ಚೆನ್ನಾಗಿ ನೀರು ಕುಡೀರಿ' ಎನ್ನುವುದು ನಮಗೆ ಸುಲಭ. ಆ ನೀರನ್ನು ಯಾರು ಹೊರಬೇಕು ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳುತ್ತೇವೆ?

ಲೆಕ್ಕ ಹಾಕಿ ನೋಡಿ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಮಿಷನ್ (ನಮ್ಮ ರಾಜ್ಯದಲ್ಲಿ 'ಮನೆಮನೆಗೆ ಗಂಗೆ') ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಬೇಕೆನ್ನುತ್ತದೆ. ಐದು ಜನರ ಮನೆಗೆ 275 ಲೀಟರ್, ಅಂದರೆ 15 ಲೀಟರಿನ ಸುಮಾರು ಹದಿನೆಂಟು ಕೊಡ. ನೀವು ತರುತ್ತಿದ್ದುದು ಹೆಚ್ಚೆಂದರೆ ಹತ್ತು. ಉಳಿದ ಎಂಟು ಕೊಡಗಳ ಕೊರತೆ ಕೈ ತೊಳೆಯುವುದರಲ್ಲಿ, ಮಕ್ಕಳ ಸ್ನಾನದಲ್ಲಿ, ಮುಟ್ಟಿನ ಬಟ್ಟೆ ಒಗೆಯುವುದರಲ್ಲಿ ಬೀಳುತ್ತಿತ್ತು. ಕಜ್ಜಿ, ಕಣ್ಣುಬೇನೆಗಳು ಕೆಟ್ಟ ನೀರಿಗಿಂತ ಹೆಚ್ಚಾಗಿ ಸಾಲದ ನೀರಿನಿಂದ ಹರಡುವಂಥವು. ಬಾಣಂತನ ಮುಗಿಯುವ ಮೊದಲೇ ಕೊಡ ಹೊರುವವರಿಗೆ ಗರ್ಭಕೋಶ ಜಾರುವ ಅಪಾಯವೂ ಹೆಚ್ಚು.

ಒಂದು ಎಚ್ಚರಿಕೆ: ಉರಿಯ ಜೊತೆ ಚಳಿಜ್ವರ ಬಂದರೆ ಅಥವಾ ಮೂತ್ರದಲ್ಲಿ ರಕ್ತ ಕಂಡರೆ ನೀರನ್ನಷ್ಟೇ ನಂಬಿ ಕೂರಬೇಡಿ. ಆಸ್ಪತ್ರೆಗೆ ಹೋಗಿ ಮೂತ್ರ, ಸಕ್ಕರೆ ಎರಡನ್ನೂ ಪರೀಕ್ಷೆ ಮಾಡಿಸಿ.

ಪ್ರಶ್ನೆ: ನಮ್ಮ ಹಿರಿಯರು ತುಂಗಭದ್ರೆಯ ನೀರನ್ನೇ ಬೊಗಸೆಯಲ್ಲಿ ಕುಡಿದು ಗಟ್ಟಿಯಾಗಿದ್ದರು. ಹರಿಯುವ ನೀರಿಗೆ ಮೈಲಿಗೆ ಇಲ್ಲ ಅನ್ನುತ್ತಾರಲ್ಲ?
– ಅಂಗಡಿಯವರು, ಹಂಪಿ

ಉತ್ತರ: ಹಿರಿಯರೆಲ್ಲ ಗಟ್ಟಿಯಾಗಿರಲಿಲ್ಲ ಸ್ವಾಮಿ. ಗಟ್ಟಿಯಾಗಿದ್ದವರು ಮಾತ್ರ ನಮ್ಮ ನೆನಪಿನಲ್ಲಿ ಉಳಿದರು, ಭೇದಿಗೆ ಹೋದ ಕೂಸುಗಳ ಲೆಕ್ಕ ಯಾರೂ ಇಡಲಿಲ್ಲ. ಶಿವಮೊಗ್ಗ, ಭದ್ರಾವತಿ, ಹರಿಹರಗಳನ್ನು ದಾಟಿ ಬರುವ ನದಿ ಇದು. ಸಾಲದ್ದಕ್ಕೆ ಹಂಪಿಯ ಸ್ನಾನಘಟ್ಟಗಳ ಜನಸಂದಣಿ ನಿಮಗೇ ಗೊತ್ತು.

ಹಿರಿಯರ ಕಾಲದಲ್ಲಿ ಕುಡಿಯುವ ನೀರಿನಿಂದಲೇ ಬರುತ್ತಿದ್ದ ನಾರುಹುಣ್ಣು ಎಂದರೆ ಇಂದಿನ ಹುಡುಗರಿಗೆ ಗೊತ್ತಾಗುವುದಿಲ್ಲ. ಮನೆಯಲ್ಲಿ ವಯಸ್ಸಾದವರಿದ್ದರೆ ಕೇಳಿ. ಕಾಲಿನಲ್ಲಿ ಬೊಬ್ಬೆ ಎದ್ದು, ಉರಿ ತಾಳದೆ ಆ ಕಾಲನ್ನು ಮೆಟ್ಟಿಲುಬಾವಿಯ ನೀರಿಗೆ ಇಳಿಬಿಟ್ಟರೆ ಬೊಬ್ಬೆ ಒಡೆದು ಹುಳು ಸಾವಿರಾರು ಮರಿಗಳನ್ನು ನೀರಿಗೆ ಬಿಡುತ್ತಿತ್ತು. ಅವನ್ನು ತಿಂದ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನೀರುಜೀವಿಗಳು ಅದೇ ಬಾವಿಯ ನೀರಿನೊಂದಿಗೆ ಇನ್ನೊಬ್ಬರ ಹೊಟ್ಟೆ ಸೇರುತ್ತಿದ್ದವು. ಸುಮಾರು ಒಂದು ವರ್ಷದ ಮೇಲೆ ಅವರ ಕಾಲಿನಿಂದ ಮೂರಡಿ ಉದ್ದದವರೆಗಿನ ಬಿಳಿ ಎಳೆ ಹೊರಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯಬೇಕು, ನಡುವೆ ತುಂಡಾದರೆ ಕೀವು. ಕರ್ನಾಟಕವೂ ಈ ರೋಗದ ರಾಜ್ಯಗಳಲ್ಲಿ ಒಂದಾಗಿತ್ತು. ಇದಕ್ಕೆ ಲಸಿಕೆ ಇಲ್ಲ, ವಾಸಿ ಮಾಡುವ ಮಾತ್ರೆ ಇಲ್ಲ. ಮೆಟ್ಟಿಲುಬಾವಿಗೆ ಜನ ಇಳಿಯದಂತೆ ಮಾಡಿದ್ದು, ನೀರನ್ನು ಬಟ್ಟೆಯಲ್ಲಿ ಸೋಸಿದ್ದು, ಕೈಪಂಪು ಹಾಕಿದ್ದು, ಇಷ್ಟರಿಂದಲೇ ಅದು ಹೋಯಿತು. ದೇಶದ ಕೊನೆಯ ರೋಗಿ ಕಂಡುಬಂದದ್ದು 1996ರಲ್ಲಿ. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ಘೋಷಣೆಯಾಯಿತು.

ನದಿಗೆ ಕೈಮುಗಿಯಿರಿ, ಕುಡಿಯಲು ಶುದ್ಧೀಕರಿಸಿದ ನೀರನ್ನೇ ಬಳಸಿ.

ಪ್ರಶ್ನೆ: ಬೋರ್‌ವೆಲ್ ನೀರನ್ನು ಚೆನ್ನಾಗಿ ಕಾಯಿಸಿ ಆರಿಸಿಯೇ ಕೊಡುತ್ತೇವೆ. ಆದರೂ ಮಗಳ ಹಲ್ಲಿನ ಮೇಲೆ ಕಂದು ಗೆರೆಗಳಿವೆ.
– ತಂದೆ, ಹೊಸಪೇಟೆ ತಾಲ್ಲೂಕು

ಉತ್ತರ: ಫ್ಲೋರೈಡ್ ಇರಬಹುದು. ಕಾಯಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, 1.5 ದಾಟಿದ ನೀರು ಕುಡಿಯಲು ಬೇಡ. ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಕಿಟ್ ಇರುತ್ತದೆ, ಕೇಳಿ ಮಾಡಿಸಿ. ಹೆಚ್ಚಿದ್ದರೆ ಶುದ್ಧ ನೀರಿನ ಘಟಕದ ಕ್ಯಾನ್ ತನ್ನಿ. ಬಹಳ ಮನೆಗಳಲ್ಲಿ ಆ ನೀರು ಕುಡಿಯಲು ಮಾತ್ರ, ಅನ್ನ-ಸಾರಿಗೆ ಅದೇ ಬೋರ್ ನೀರು. ಅಡುಗೆಗೂ ಕ್ಯಾನ್ ನೀರೇ ಬೇಕು. ಸ್ನಾನಕ್ಕೆ ಬೋರ್ ನೀರಾದರೆ ತೊಂದರೆಯಿಲ್ಲ. ಬಂದ ಕಲೆ ತಾನಾಗಿ ಹೋಗುವುದಿಲ್ಲ, ಚಿಕ್ಕವರಿದ್ದರೆ ಅವರ ಹಲ್ಲು ಉಳಿಸಬಹುದು.

ಪ್ರಶ್ನೆ: ಮನೆಗೇ ನಳವಿದೆ. ಆದರೂ ಮಳೆಗಾಲ ಬಂತೆಂದರೆ ಮಕ್ಕಳಿಗೆ ವಾಂತಿ-ಭೇದಿ. ಯಾಕೆ?
– ತಾಯಿ, ಕಂಪ್ಲಿ

ಉತ್ತರ: ನಿಮ್ಮ ನಳ ಗುಂಡಿಯೊಳಗಿದೆಯೇ? ನೀರಿನ ಒತ್ತಡ ಸಾಲದೆಂದು ಗುಂಡಿ ತೋಡಿ ನಳ ಇಳಿಸುವುದು ಎಲ್ಲ ಕಡೆ ಇದೆ. ನೀರು ನಿಂತಾಗ ಖಾಲಿ ಪೈಪು ಗುಂಡಿಯ ಕೊಚ್ಚೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಮೋಟಾರು ಹಚ್ಚಿದರೆ ಎಲ್ಲೋ ಒಡೆದ ಪೈಪಿನಿಂದ ಚರಂಡಿಯ ನೀರೂ ಬರುತ್ತದೆ. 2021ರಲ್ಲಿ ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದು ನೆನಪಿದೆಯಲ್ಲ?

ನಳವನ್ನು ನೆಲದಿಂದ ಮೇಲಕ್ಕೆ ಎತ್ತಿಸಿ. ಅಣೆಕಟ್ಟೆಯಿಂದ ನೀರು ಬಿಟ್ಟು ಕಂಪ್ಲಿ ಸೇತುವೆ ಮುಳುಗುವ ದಿನಗಳಲ್ಲಂತೂ ಕುದಿಸಿಯೇ ಕುಡಿಯಿರಿ. ಬಿಂದಿಗೆಗೆ ಮುಚ್ಚಳವಿರಲಿ. ಮಕ್ಕಳು ಲೋಟದ ಸಮೇತ ಕೈ ಅದ್ದದಂತೆ ಉದ್ದ ಹಿಡಿಯ ಸೌಟು ಇಡಿ. ಭೇದಿ ಶುರುವಾದರೆ ಮೊದಲ ಸಲದಿಂದಲೇ ಒಆರ್‌ಎಸ್ ಕೊಡಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಮಗು ಮಂಕಾಗಿ, ಕಣ್ಣು ಒಳಸೇರಿ, ಉಚ್ಚೆ ಹೊಯ್ಯುವುದು ನಿಂತಿದ್ದರೆ ಬೆಳಗಾಗಲೆಂದು ಕಾಯಬೇಡಿ, ಆಗಲೇ ಆಸ್ಪತ್ರೆಗೆ ಕರೆತನ್ನಿ. ಒಂದೇ ಓಣಿಯಲ್ಲಿ ನಾಲ್ಕಾರು ಜನರಿಗೆ ಭೇದಿಯಾದರೆ ಅದೇ ದಿನ ಆಶಾ ಕಾರ್ಯಕರ್ತೆಗೂ ನೀರುಗಂಟಿಗೂ ತಿಳಿಸಿ.