ಧಾರೆಯ ಹೊತ್ತಿಗೆ ಕಳಚಿದ ಜುಮುಕಿ

ಪ್ರಶ್ನೆ: ಮೇಡಂ, ನಾನು ಹುಣಸೂರು ತಾಲ್ಲೂಕಿನ ಹಳ್ಳಿಯವಳು. ನಾವು 5 ಜನ ಹೆಂಗಸರು ಸ್ತ್ರೀಶಕ್ತಿ ಸಂಘದಲ್ಲಿ 15,000 ರೂಪಾಯಿ ಸಾಲ ತೆಗೆದುಕೊಂಡು ಮಣ್ಣಿನ ಓಲೆ, ಜುಮುಕಿ, ಸರ, ಸಿಲ್ಕ್ ದಾರದ ಬಳೆ ಮಾಡಿ ಮಾರುತ್ತಿದ್ದೇವೆ. ಹೋದ ತಿಂಗಳು ಕೆ.ಆರ್. ನಗರದ ಒಂದು ಮದುವೆಗೆ 12 ಜೊತೆ ಜುಮುಕಿ ಕೊಟ್ಟೆವು. ಧಾರೆಯ ಹೊತ್ತಿಗೆ ಸರಿಯಾಗಿ ಮದುಮಗಳ ಎಡಗಿವಿಯ ಜುಮುಕಿ ಬಿದ್ದು ಒಡೆಯಿತು. ಕಿವಿಯಲ್ಲಿ ಕಡ್ಡಿ ಮಾತ್ರ ಉಳಿದಿತ್ತಂತೆ. ಅಪಶಕುನ ಅಂತ ಹುಡುಗಿಯ ತಾಯಿ ಅತ್ತರಂತೆ. ಅಂಟು ಹಾಕುವ ಕೆಲಸ ನನ್ನದು, ಹಾಗಾಗಿ ಸಂಘದಲ್ಲಿ ಎಲ್ಲರ ಕಣ್ಣೂ ನನ್ನ ಮೇಲೆ. ಬಳೆಯ ಕಲ್ಲುಗಳೂ ಉದುರುತ್ತವೆ ಎಂದು ದೂರು ಬಂದಿದೆ. 'ಈ ಉಸಾಬರಿ ಬಿಟ್ಟು ಹೊಲಕ್ಕೆ ಬಾ' ಅನ್ನುತ್ತಾರೆ ನಮ್ಮ ಯಜಮಾನರು. ಎಲ್ಲಕ್ಕಿಂತ ಗಟ್ಟಿಯಾದ ಅಂಟು ಯಾವುದು ಹೇಳಿ. ಒಡೆದ ಜುಮುಕಿಯನ್ನು ಈ ಕವರಿನಲ್ಲೇ ಇಟ್ಟಿದ್ದೇನೆ.
– ಹೆಸರು ಬೇಡ, ಹುಣಸೂರು ತಾಲ್ಲೂಕು

ಉತ್ತರ: ತಂಗಿ, ಜುಮುಕಿಯನ್ನೂ ಕಳಿಸಿದ್ದು ಬಹಳ ಒಳ್ಳೆಯದಾಯಿತು. ಪತ್ರದಲ್ಲಿ ಇಲ್ಲದ ಮಾತನ್ನು ಅದು ಹೇಳಿತು.

ಕಡ್ಡಿಯ ತಟ್ಟೆಯನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ತಟ್ಟೆಯ ಮೇಲೆ ಅಂಟು ಹಾಗೇ ಇದೆ, ಉಗುರಿನಿಂದ ಕೆರೆದರೂ ಏಳುತ್ತಿಲ್ಲ. ಆ ಅಂಟಿನ ಮೇಲೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಚಿನ್ನದ ಬಣ್ಣದ ಪೊರೆಯೊಂದು ಕೂತಿದೆ. ಓಲೆಯ ಹಿಂಭಾಗದಲ್ಲಿ ಅದೇ ಅಳತೆಯ ದುಂಡು ಜಾಗದಲ್ಲಿ ಕೆಂಪು ಮಣ್ಣು ಬೋಳಾಗಿ ಕಾಣುತ್ತದೆ. ಅಂದರೆ ನಿಮ್ಮ ಅಂಟು ಬಿಟ್ಟಿಲ್ಲ. ಮಣ್ಣನ್ನು ಬಿಟ್ಟಿದ್ದು ಬಣ್ಣ. ಹಿಂಭಾಗಕ್ಕೂ ಬಣ್ಣ ಬಳಿದು, ಅದರ ಮೇಲೆ ಕಡ್ಡಿ ಅಂಟಿಸಿದ್ದೀರಿ. ಜುಮುಕಿಯ ಭಾರವೆಲ್ಲ ಆ ಬಣ್ಣದ ಪೊರೆಯ ಮೇಲೆ ಬಿತ್ತು. ಲೋಕದ ಅತಿ ಗಟ್ಟಿ ಅಂಟು ತಂದು ಹಾಕಿದ್ದರೂ ಅದು ಬೀಳುತ್ತಿತ್ತು.

ಹಾಗಾಗಿ ಅಪಶಕುನದ ಮಾತನ್ನು ಇವತ್ತೇ ಮನಸ್ಸಿನಿಂದ ತೆಗೆದುಹಾಕಿ. ಬಣ್ಣ ಮೊದಲಾಗಿ ಅಂಟು ಆಮೇಲಾಯಿತು, ಅಷ್ಟೇ ನಡೆದದ್ದು. ತಿದ್ದಿಕೊಳ್ಳಬಹುದಾದ ತಪ್ಪು ಅದು.

ಇನ್ನು ನಿಮ್ಮ ಪ್ರಶ್ನೆ. ಎಲ್ಲಕ್ಕಿಂತ ಗಟ್ಟಿಯಾದ ಅಂಟು ಯಾವುದು ಎಂದು ಕೇಳಿದ್ದೀರಿ. ನಾನು ಇಪ್ಪತ್ತು ವರ್ಷ ಹೆಣ್ಣುಮಕ್ಕಳಿಗೆ ಈ ಕೆಲಸ ಕಲಿಸಿದವಳು. ಪ್ರತಿ ತರಗತಿಯಲ್ಲೂ ಮೊದಲು ಬರುವ ಪ್ರಶ್ನೆ ಇದೇ. ನಮ್ಮ ಭಾಷೆಯನ್ನೇ ಸ್ವಲ್ಪ ಗಮನಿಸಿ. ಅಕ್ಕಸಾಲಿಗರು ಉಂಗುರಕ್ಕೆ ಹರಳು ಅಂಟಿಸುತ್ತೇವೆ ಅನ್ನುವುದಿಲ್ಲ, ಹರಳು ಕಟ್ಟುತ್ತೇವೆ ಅನ್ನುತ್ತಾರೆ. ನಮ್ಮ ಅಜ್ಜಿಯ ಬೆಂಡೋಲೆಯ ಹಿಂಭಾಗ ಒಮ್ಮೆ ಬಿರುಕು ಬಿಟ್ಟಾಗ ಒಳಗೆ ಕಂದುಬಣ್ಣದ ಅರಗು ಕಂಡಿತು. ಪೊಳ್ಳು ಒಡವೆಗೆ ಅರಗು ತುಂಬುವುದು ಹಳೆಯ ಪದ್ಧತಿ. ಅರಗು ಕಲ್ಲಿಗೆ ಹಾಸಿಗೆ ಇದ್ದಂತೆ. ಕಲ್ಲನ್ನು ಹಿಡಿದಿರುವುದು ಸುತ್ತ ಒತ್ತಿ ಕೂರಿಸಿದ ಚಿನ್ನದ ಅಂಚು. ಪಿರಿಯಾಪಟ್ಟಣದ ಕಡೆ ಹೋದಾಗ ಬೈಲಕುಪ್ಪೆಯಲ್ಲಿ ಟಿಬೆಟನ್ ಹೆಂಗಸರ ಕೊರಳು ನೋಡಿ. ಹವಳ, ನೀಲಿ ಟರ್ಕಾಯ್ಸ್ ಕಲ್ಲಿನ ದೊಡ್ಡ ದೊಡ್ಡ ಮಣಿಗಳು ದಾರದಲ್ಲಿ ಪೋಣಿಸಿರುತ್ತವೆ, ಇಲ್ಲವೇ ಬೆಳ್ಳಿಯ ಕಟ್ಟಿನೊಳಗೆ ಕೂತಿರುತ್ತವೆ. ನಾನು ಹೇಳಬೇಕೆಂದಿರುವುದೂ ಇದೊಂದೇ: ಭಾರ ಹೊರುವ ಕೆಲಸವನ್ನು ತಂತಿಗೋ ದಾರಕ್ಕೋ ಕೊಂಡಿಗೋ ಕೊಡಿ. ಅಂಟಿಗೆ ಅದರ ಜಾಗದಲ್ಲಿ ಅಲುಗಾಡದಂತೆ ಕೂರಿಸುವ ಕೆಲಸ ಮಾತ್ರ ಇರಲಿ.

ತಟ್ಟೆಯ ಮೇಲೆ ಉಳಿದಿರುವುದನ್ನು ನೋಡಿದರೆ, ನೀವು ಬಳಸಿರುವುದು ಕ್ಷಣದಲ್ಲಿ ಹಿಡಿಯುವ ಸಣ್ಣ ಟ್ಯೂಬಿನ ಅಂಟು. ಇದರ ಮೂಲವಸ್ತು ಸಯನೋಅಕ್ರಿಲೇಟ್. 1942ರಲ್ಲಿ ಅಮೆರಿಕದ ಕೊಡ್ಯಾಕ್ ಕಂಪನಿಯ ಹ್ಯಾರಿ ಕೂವರ್ ಅವರಿಗೆ ಬೇರೇನೋ ಹುಡುಕುವಾಗ ಸಿಕ್ಕಿದ್ದು, ಮಾರಾಟಕ್ಕೆ ಬಂದದ್ದು 1958ರಲ್ಲಿ. ಗಾಳಿಯಲ್ಲಿರುವ ತೇವದಿಂದಲೇ ಗಟ್ಟಿಯಾಗುತ್ತದೆ. ನಯವಾದ ಎರಡು ಮೈಗಳು ಒಂದಕ್ಕೊಂದು ಸರಿಯಾಗಿ ಕೂತರೆ ನೇರವಾದ ಎಳೆತಕ್ಕೆ ಜಗ್ಗುವುದಿಲ್ಲ. ಆದರೆ ಒಣಗಿದ ಮೇಲೆ ಗಾಜಿನಂತೆ ಬಿರುಸು. ಕೆಳಗೆ ಬಿದ್ದರೆ, ತಿರುಚಿದರೆ ಪಟ್ಟನೆ ಬಿಡುತ್ತದೆ. ಗೋಡೆಗೆ ಅಂಟಿಸಿದ ಚೀಟಿ ನಡುವೆ ಹಿಡಿದು ಎಳೆದರೆ ಬರುವುದಿಲ್ಲ, ಮೂಲೆ ಹಿಡಿದು ಸುಲಿದರೆ ಬರುತ್ತದಲ್ಲ, ಜುಮುಕಿ ತೂಗಾಡುವಾಗ ಕಡ್ಡಿಯ ತಟ್ಟೆಗೆ ಆಗುವುದು ಅಂಥದೇ ಸುಲಿತ. ಮೇಲಾಗಿ ಸುಟ್ಟ ಮಣ್ಣು ಈ ತೆಳು ಅಂಟನ್ನು ಹೀರಿಕೊಳ್ಳುತ್ತದೆ, ಉಬ್ಬುತಗ್ಗು ತುಂಬಲು ಏನೂ ಉಳಿಯುವುದಿಲ್ಲ. ನಿಮ್ಮ ಬಳೆಯ ಕಲ್ಲಿನ ಸುತ್ತ ಬಿಳಿ ಮಂಜಿನಂತೆ ಕಟ್ಟಿದ್ದರೆ ಅದೂ ಇದರ ಆವಿಯೇ.

ಮಣ್ಣಿಗೂ ಲೋಹಕ್ಕೂ ನಡುವೆ ನಾನು ಒಪ್ಪುವುದು ಎರಡು ಟ್ಯೂಬಿನ ಎಪಾಕ್ಸಿ ಅಂಟು. ಅರಾಲ್ಡೈಟ್ ಎಂದರೆ ಹುಣಸೂರಿನ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಕೊಡುತ್ತಾರೆ. 5 ನಿಮಿಷದ್ದೂ ಇದೆ, ನಿಧಾನದ್ದೂ ಇದೆ. ನಿಧಾನದ್ದನ್ನೇ ತನ್ನಿ, ಹಿಡಿತ ಅದರದ್ದೇ ಹೆಚ್ಚು.

ಮಾಡುವ ಕ್ರಮವೇ ಮುಖ್ಯ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಣ್ಣು ಹಸಿ ಇರುವಾಗಲೇ ಓಲೆಯ ಹಿಂಭಾಗದಲ್ಲಿ ಕಡ್ಡಿಯ ತಟ್ಟೆ ಕೂರುವಷ್ಟು ಸಣ್ಣ ಗುಳಿ ಒತ್ತಿ. ಒಣಗುವಾಗಲೂ ಸುಡುವಾಗಲೂ ಮಣ್ಣು ಕುಗ್ಗುತ್ತದೆ, ಆದ್ದರಿಂದ ಗುಳಿ ತುಸು ಅಗಲವೇ ಇರಲಿ. ಗುಳಿಯೊಳಗೆ ಸೂಜಿಯಿಂದ ಅಡ್ಡಡ್ಡ, ಉದ್ದುದ್ದ ಗೀರು ಎಳೆಯಿರಿ. ಆವಿಗೆಯಿಂದ ತೆಗೆದು ಆರಿದ ಮೇಲೆ ಹಳೆ ಹಲ್ಲುಜ್ಜುವ ಬ್ರಶ್ಶಿನಿಂದ ಬೂದಿ, ಧೂಳು ಪೂರಾ ಕೊಡವಿ. ತೊಳೆದರೆ ಒಂದು ದಿನ ಬಿಸಿಲಲ್ಲಿ ಒಣಗಿಸದೆ ಮುಟ್ಟಬೇಡಿ. ಕಡ್ಡಿಯ ತಟ್ಟೆ ಹೊಳೆಯುತ್ತಿದ್ದರೆ ಉಪ್ಪುಕಾಗದದಿಂದ ತಿಕ್ಕಿ ಮಂಕು ಮಾಡಿ, ಸ್ಪಿರಿಟ್ಟಿನಲ್ಲಿ ಒರೆಸಿ, ಆಮೇಲೆ ಬೆರಳು ತಾಗಿಸಬೇಡಿ. ಕೈಯ ಎಣ್ಣೆಜಿಡ್ಡು ಸಾಕು ಹಿಡಿತ ಕೆಡಿಸಲು. ಎರಡೂ ಟ್ಯೂಬಿನಿಂದ ಸಮಸಮ ಹಿಂಡಿ, ಒಡೆದ ಟೈಲ್ಸ್ ಚೂರಿನ ಮೇಲೆ ಬೆಂಕಿಕಡ್ಡಿಯಿಂದ ಪೂರಾ ಒಂದು ನಿಮಿಷ ಕಲಸಿ. ಬೇಗ ಒಣಗಲಿ ಎಂದು ಒಂದನ್ನು ಹೆಚ್ಚು ಹಾಕಿದರೆ ಅಂಟು ಮೆತ್ತಗೇ ಉಳಿದುಬಿಡುತ್ತದೆ. ಗುಳಿಗೆ ಅಂಟು ತುಂಬಿ, ತಟ್ಟೆ ಒತ್ತಿ, ತಟ್ಟೆಯ ಮೇಲೂ ಸುತ್ತ ಅಂಟು ಹತ್ತುವಂತೆ ಮುಚ್ಚಿ. ಆಗ ತಟ್ಟೆ ಅಂಟಿನೊಳಗೆ ಹೂತಂತೆ ಆಗುತ್ತದೆ. ಕಡ್ಡಿ ಓರೆಯಾಗದಿರಲು ಒಂದು ತಟ್ಟೆಯಲ್ಲಿ ರಾಗಿ ಹರಡಿ, ಓಲೆಯನ್ನು ಮುಖ ಕೆಳಗಾಗಿ ಅದರಲ್ಲಿ ಊರಿ. ಆ ರಾಗಿಯನ್ನು ಇದೇ ಕೆಲಸಕ್ಕೆ ಬೇರೆ ಇಟ್ಟುಕೊಳ್ಳಿ, ಅಡುಗೆಗೆ ಬೇಡ. 24 ಗಂಟೆ ಮುಟ್ಟಬೇಡಿ. ಮಳೆಗಾಲದ ತಂಪಿನಲ್ಲಿ ಎರಡು ದಿನ ಬಿಡಿ. ಬಣ್ಣ ಇದೆಲ್ಲ ಆದ ಮೇಲೆ.

ಓಲೆಗೆ ಜುಮುಕಿ ತೂಗುಹಾಕುವಲ್ಲಿ ಅಂಟೇ ಬೇಡ. ಜುಮುಕಿಯ ಬುಟ್ಟಿಯ ನೆತ್ತಿಗೆ ಹಸಿಯಲ್ಲೇ ತೂತು ಮಾಡಿ. ಸುಟ್ಟ ಮೇಲೆ ಒಳಗಿನಿಂದ ತಲೆಯಿರುವ ಪಿನ್ನನ್ನು ಒಂದು ಮಣಿಯ ಜೊತೆ ತೂರಿಸಿ, ಮೇಲೆ ಬಂದ ತುದಿಯನ್ನು ದುಂಡುಮೂತಿಯ ಇಕ್ಕಳದಿಂದ ಸುತ್ತಿ ಉಂಗುರ ಮಾಡಿ. ಅಗ್ಗದ ಪಿನ್ನನ್ನು ಹಸಿಮಣ್ಣಿಗೆ ಚುಚ್ಚಿ ಆವಿಗೆಗೆ ಇಡಬೇಡಿ, ಬೆಂಕಿಯಲ್ಲಿ ಅದು ಸುಟ್ಟು ಪುಡಿಪುಡಿಯಾಗುತ್ತದೆ. ಕೊಂಡಿಯ ಉಂಗುರ ಬಿಡಿಸುವಾಗ ಬಾಯನ್ನು ಅಗಲಿಸಿ ಎಳೆಯಬಾರದು. ಒಂದು ತುದಿ ನಿಮ್ಮ ಕಡೆಗೆ, ಇನ್ನೊಂದು ಆಚೆಗೆ ತಿರುಗಿಸಿ, ಹಾಗೇ ತಿರುಗಿಸಿ ಮುಚ್ಚಿ. ತುದಿಗಳು ಒಂದಕ್ಕೊಂದು ಉಜ್ಜಿ ಟಕ್ಕನೆ ಕೂರಬೇಕು. ಒಂದು ತಲೆಗೂದಲು ನುಸುಳುವಷ್ಟು ಸಂದಿ ಇದ್ದರೂ ಜುಮುಕಿ ಒಂದು ದಿನ ಅಲ್ಲಿಂದ ಜಾರುತ್ತದೆ. ಮದುವೆಗೆ ದೊಡ್ಡ ಜುಮುಕಿ ಕೇಳಿದರೆ ಜೊತೆಗೆ ಮಾಟಿ ಮಾಡಿಕೊಡಿ. ನಮ್ಮ ಹಿರಿಯರು ಮಾಟಿಯನ್ನು ಅಂದಕ್ಕೆ ಮಾತ್ರ ಹಾಕಿಕೊಳ್ಳಲಿಲ್ಲ. ಕಿವಿಯ ಭಾರವನ್ನು ಅದು ತುರುಬಿಗೆ ಹಂಚುತ್ತದೆ, ತಿರುಪು ಸಡಿಲವಾದರೂ ಒಡವೆ ನೆಲಕ್ಕೆ ಬೀಳುವುದಿಲ್ಲ. ಧಾರೆಯ ಹೊತ್ತಿಗೆ ಅಷ್ಟು ಭರವಸೆ ಸಾಕು.

ದಾರದ ಬಳೆಗೆ ದಾರ ಸುತ್ತಲು ಫೆವಿಕಾಲ್ ಅಥವಾ ಬಟ್ಟೆಗೆ ಹಾಕುವ ಅಂಟು ಸರಿ. ಕ್ಷಣದಲ್ಲಿ ಹಿಡಿಯುವ ಅಂಟನ್ನು ದಾರದ ಹತ್ತಿರ ತರಲೇಬೇಡಿ. ದಾರ ಕಡ್ಡಿಯಂತೆ ಸೆಟೆದು ಕಪ್ಪಾಗುತ್ತದೆ. ಹತ್ತಿಬಟ್ಟೆಗೆ ಬಿದ್ದರೆ ಬಿಸಿಯೇರಿ ಚರ್ಮ ಸುಡುವಷ್ಟು ಕಾಯುತ್ತದೆ. ಕಲ್ಲುಗಳಿಗೆ ತೂತಿರುವ ಕಲ್ಲನ್ನೇ ತಂದು ಸೂಜಿಯಿಂದ ಹೊಲಿಯಿರಿ, ಸ್ಟೋನ್ ಚೈನ್ ಆದರೆ ಪ್ರತಿ ಎರಡು ಕಲ್ಲಿನ ಸಂದಿಯಲ್ಲಿ ದಾರ ಹಾಯಿಸಿ ಸುತ್ತಿ. ರವಿಕೆಗೆ ಆರಿ ಕೆಲಸ ಮಾಡುವವರು ನಿಮ್ಮೂರಲ್ಲೇ ಇರುತ್ತಾರೆ, ಒಂದು ಮಧ್ಯಾಹ್ನ ಅವರ ಪಕ್ಕ ಕೂತು ನೋಡಿದರೆ ಕೈಗೆ ಹತ್ತುತ್ತದೆ. ತೂತಿಲ್ಲದ ಕುಂದನ್ ಕಲ್ಲೇ ಬೇಕೆಂದರೆ ಒಣಗಿದ ಮೇಲೂ ರಬ್ಬರಿನಂತೆ ಬಾಗುವ ಪಾರದರ್ಶಕ ಅಂಟು ಸಿಗುತ್ತದೆ, ಬಿ-7000 ಎಂದು ಕೇಳಿ. ಅದಕ್ಕೂ ಒಂದೆರಡು ದಿನದ ಪುರಸತ್ತು ಬೇಕು. ಗ್ಲೂ ಗನ್ನಿನ ಅಂಟು ಬಿಸಿಗೆ ಮೆತ್ತಗಾಗುವಂಥದ್ದು. ಜಾತ್ರೆಯಲ್ಲಿ ಟಾರ್ಪಾಲಿನ ಕೆಳಗೆ ಮಧ್ಯಾಹ್ನದ ಝಳಕ್ಕೆ ಕಲ್ಲು ಜಾರುವುದನ್ನು ನಾನೇ ಕಂಡಿದ್ದೇನೆ.

ಮಣ್ಣಿನ ಸರಕ್ಕೆ ಬರೀ ಹತ್ತಿದಾರ ಬೇಡ. ಸುಟ್ಟ ಮಣಿಯ ತೂತಿನ ಅಂಚು ಗರಗಸದಂತೆ ದಾರವನ್ನು ಕೊಯ್ಯುತ್ತದೆ. ಗೇರ್ ವೈರ್ ಎಂಬ ತೆಳು ಉಕ್ಕಿನ ತಂತಿ ತಂದು ಎರಡೂ ತುದಿಗೆ ಗೇರ್ ಲಾಕ್ ಎಂಬ ಪುಟ್ಟ ಮಣಿ ಒತ್ತಿ. ದಾರವೇ ಇಷ್ಟವೆಂದರೆ ನೈಲಾನ್ ದಾರಕ್ಕೆ ಜೇನುಮೇಣ ತಿಕ್ಕಿ, ಮಣಿಗೊಂದು ಗಂಟು ಹಾಕುತ್ತ ಹೋಗಿ. ಸರ ಹರಿದರೂ ಒಂದೇ ಮಣಿ ಬೀಳುತ್ತದೆ. ಎಚ್.ಡಿ. ಕೋಟೆ ಕಾಡಂಚಿನಲ್ಲಿ ಜೇನು ತೆಗೆಯುವ ಜೇನುಕುರುಬರ ಹತ್ತಿರ ಮೇಣ ಕೇಳಿ ನೋಡಿ. ಸಿಕ್ಕರೆ ಚೌಕಾಸಿ ಮಾಡದೆ ಕೊಂಡುಕೊಳ್ಳಿ, ಒಂದು ಉಂಡೆ ವರ್ಷಕ್ಕೆ ಬರುತ್ತದೆ.

ಇನ್ನೆರಡು ಎಚ್ಚರಿಕೆ. ಕಿವಿ ಕೆರೆಯುತ್ತದೆ, ಕೀವಾಗುತ್ತದೆ ಎಂದು ಯಾರಾದರೂ ಹೇಳಿದರೆ ಕಡ್ಡಿಯಲ್ಲಿ ನಿಕಲ್ ಇದೆ ಎಂದು ಅನುಮಾನಿಸಿ, ಸರ್ಜಿಕಲ್ ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಬೆಳ್ಳಿಯ ಕಡ್ಡಿಗೆ ಬದಲಾಯಿಸಿ. ಅಂಟು ಹಾಕುವಾಗ ಕಿಟಕಿ ತೆಗೆದಿರಲಿ, ಎಪಾಕ್ಸಿಗೆ ಕೈಗವಸು ಇರಲಿ, ಮಕ್ಕಳು ದೂರ ಇರಲಿ. ಬೆರಳು ಅಂಟಿಕೊಂಡರೆ ಕಿತ್ತು ಎಳೆಯಬೇಡಿ, ಬೆಚ್ಚನೆ ಸೋಪಿನ ನೀರಿನಲ್ಲಿ ನೆನೆಸಿ ಮೆಲ್ಲಗೆ ಬಿಡಿಸಿ. ಕಣ್ಣಿಗೆ ಹಾರಿದರೆ ಮನೆಮದ್ದು ಬೇಡ, ನೇರ ಆಸ್ಪತ್ರೆ.

ಕೆ.ಆರ್. ನಗರದ ಮನೆಗೆ ನೀವೇ ಹೋಗಿ, ಫೋನಿನಲ್ಲಿ ಮುಗಿಸಬೇಡಿ. ಉಳಿದ 11 ಜೊತೆಯೂ ಅದೇ ರೀತಿ ಅಂಟಿಸಿದ್ದಲ್ಲವೇ? ಅವನ್ನೆಲ್ಲ ವಾಪಸ್ ತಂದು, ಬಣ್ಣ ಕೆರೆದು, ಹೊಸದಾಗಿ ಕೂರಿಸಿ ಕೊಡಿ. ಮದುಮಗಳಿಗೆ ಹೊಸ ಜೊತೆ ಮಾಡಿ, ಕುಂಕುಮ, ಹೂವಿನ ಜೊತೆ ಅವಳ ತಾಯಿಯ ಕೈಗೇ ಕೊಡಿ. 'ಅಮ್ಮಾ, ಅದು ಶಕುನವಲ್ಲ, ನನ್ನ ಕೈತಪ್ಪು' ಎಂದು ಬಾಯಿಬಿಟ್ಟು ಹೇಳಿ. ಆ ತಾಯಿಯ ಮನಸ್ಸಿನ ಮುಳ್ಳು ತೆಗೆಯಲು ನಿಮ್ಮಿಂದ ಮಾತ್ರ ಸಾಧ್ಯ. ದುಡ್ಡು ವಾಪಸ್ ಕೇಳಿದರೆ ಆ ಒಂದು ಜೊತೆಯದ್ದನ್ನು ಮಾತಿಲ್ಲದೆ ಕೊಟ್ಟುಬಿಡಿ.

ಸಂಘದ ಅಕ್ಕತಂಗಿಯರಿಗೂ ಈ ಪತ್ರ ಓದಿ ಹೇಳಿ. ಬಣ್ಣ ಮೊದಲು ಬಳಿದ ಕೈ ಯಾರದ್ದೆಂದು ಹುಡುಕಲು ಹೋಗಬೇಡಿ, ಕೆಲಸದ ಸರದಿಯನ್ನು ಬದಲಿಸಿ. ಯಾವ ಜೊತೆಗೆ ಯಾವ ದಿನ ಅಂಟು ಹಾಕಿದ್ದು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಯಜಮಾನರ ಮಾತಿಗೆ ಬೇಸರ ಬೇಡ, ಸಾಲದ ಭಯ ಅವರಿಗೂ ಇರುತ್ತದೆ. ಆದರೆ ಕೆಲಸ ಬಿಡಬೇಡಿ. ಒಡೆದ ಜುಮುಕಿಯ ಮೇಲಿನ ಆ ಸಣ್ಣ ಬಳ್ಳಿಯ ಗೆರೆ ನೋಡಿದೆ. ಅಷ್ಟು ತೆಳುವಾದ ಗೆರೆ ಎಲ್ಲರ ಕೈಯಲ್ಲೂ ಬರುವುದಿಲ್ಲ.

ಸಂಕ್ರಾಂತಿ ಹೊತ್ತಿಗೆ ಚುಂಚನಕಟ್ಟೆ ಜಾತ್ರೆ ಬರುತ್ತದೆ. ಅದಕ್ಕೆ ಮಾಡುವ ಮಾಲಿನಲ್ಲಿ ಹತ್ತು ಜೊತೆಗೆ ಒಂದು ಜೊತೆ ಪರೀಕ್ಷೆಗೆಂದು ತೆಗೆದಿಡಿ. ಹಗಲು ಬಿಸಿಲಿಗೆ, ರಾತ್ರಿ ಇಬ್ಬನಿಗೆ ಇಟ್ಟು, ಆಮೇಲೆ ಕಡ್ಡಿಯನ್ನು ಇಕ್ಕಳದಲ್ಲಿ ಹಿಡಿದು ತಿರುಚಿ ನೋಡಿ. ಮೊದಲ ಜೊತೆಯನ್ನು ಮಾತ್ರ ನೀವೇ ಹಾಕಿಕೊಳ್ಳಿ. ಒಂದು ವಾರ ಅದರಲ್ಲೇ ನೀರು ಸೇದಿ, ಬಟ್ಟೆ ಒಗೆಯಿರಿ, ಬಸ್ಸು ಹತ್ತಿ ಇಳಿಯಿರಿ. ಕಿವಿಯಲ್ಲಿ ಉಳಿದರೆ ಮಾರಿ.