ಎಕ್ಸ್ ವರ್ಣತಂತುವಿನ ರಚನಾ ದೋಷಗಳು
ಟರ್ನರ್ ಸಿಂಡ್ರೋಮ್ ಎಂದರೆ ಒಂದು ಎಕ್ಸ್ ಇಲ್ಲದ 45 ವರ್ಣತಂತು ಎಂದಷ್ಟೇ ಬಾಯಿಪಾಠ ಮಾಡಿದರೆ ಸಾಲದು. ಸಂಖ್ಯೆ 46 ಇದ್ದೂ, ಒಂದು ಎಕ್ಸ್‌ನ ರಚನೆ ಕೆಟ್ಟಿದ್ದರೆ ಅದೇ ಸ್ಥಿತಿ ಬರುತ್ತದೆ. ಇಂಥ ರಚನಾ ದೋಷಗಳಲ್ಲಿ ಮುಖ್ಯವಾದದ್ದು ಐಸೊಕ್ರೋಮೋಸೋಮ್: ಗಿಡ್ಡ ತೋಳು ಕಳೆದುಹೋಗಿ, ಉದ್ದ ತೋಳೇ ಎರಡಾಗಿರುತ್ತದೆ. ಗಿಡ್ಡ ತೋಳಿನ ತುದಿಯಲ್ಲಿರುವ ಶಾಕ್ಸ್ ಜೀನ್‌ನ ಒಂದು ಪ್ರತಿ ಇಲ್ಲವಾಗುವುದರಿಂದ ಹುಡುಗಿಯ ಎತ್ತರ ಕುಂಠಿತವಾಗುತ್ತದೆ. ಅಂಡಾಶಯ ಸರಿಯಾಗಿ ಬೆಳೆಯದೆ ಮುಟ್ಟೇ ಆರಂಭವಾಗದಿರಬಹುದು. ಥೈರಾಯ್ಡ್ ತೊಂದರೆಯೂ ಐಸೊಕ್ರೋಮೋಸೋಮ್ ಇರುವವರಲ್ಲಿ ಹೆಚ್ಚು. ಉದ್ದ ತೋಳಿನ ತುಂಡು ಕಳೆದಾಗ ಮುಟ್ಟು ಅಕಾಲದಲ್ಲಿ ನಿಲ್ಲಬಹುದು. ಉಂಗುರಾಕಾರದ ಎಕ್ಸ್‌ನಲ್ಲಿ ಎಕ್ಸಿಸ್ಟ್ ಜೀನ್ ಇಲ್ಲದಿದ್ದರೆ ಅದು ನಿಷ್ಕ್ರಿಯಗೊಳ್ಳುವುದಿಲ್ಲ. ಆಗ ಬೌದ್ಧಿಕ ಬೆಳವಣಿಗೆಗೂ ಪೆಟ್ಟು ಬೀಳಬಹುದು. ಹೆನ್ರಿ ಟರ್ನರ್ ಲಕ್ಷಣಗಳನ್ನು ವಿವರಿಸಿದ್ದು 1938ರಲ್ಲಿ, ವರ್ಣತಂತು ಕಾರಣ ತಿಳಿದದ್ದು 1959ರಲ್ಲಿ. ಕಾರಣವಿಲ್ಲದೆ ಎತ್ತರ ಕುಂದಿದ ಹುಡುಗಿಗೆ ವರ್ಣತಂತುಗಳನ್ನು ನೋಡುವ ಕ್ಯಾರಿಯೋಟೈಪ್ ಪರೀಕ್ಷೆ ತಡವಾಗಲೇಬಾರದು. ಬೆಳವಣಿಗೆಯ ಹಾರ್ಮೋನ್ ಬೇಗ ಕೊಟ್ಟಷ್ಟೂ ಫಲ ಹೆಚ್ಚು.