ಹೆಚ್ಚಿನ ಅಕ್ಕಿ

ಶರಣಧರ್ಮದಲ್ಲಿ ಕಾಯಕವೆಂಬುದು ಕೇವಲ ಹೊಟ್ಟೆಪಾಡಿನ ದುಡಿಮೆಯಲ್ಲ. ಅದು ಪೂಜೆಗೆ ಸಮನಾದ ಸಾಧನೆ. ವಿದ್ಯಾರ್ಥಿಗೆ ವಿದ್ಯೆಯೇ ಕಾಯಕ. ಆದುದರಿಂದ ಡಾಕ್ಟರೇಟ್ ಪದವಿಯ ಸಂಶೋಧನೆಯನ್ನೂ ಈ ದೃಷ್ಟಿಯಿಂದಲೇ ವಿಚಾರಿಸುವುದು ಯುಕ್ತ.

ಬೆಂಗಳೂರಿನ ಪೂರ್ವಭಾಗದಲ್ಲಿ, ಹಲಸೂರು ಇಂದಿರಾನಗರಗಳಿಂದ ಕೃಷ್ಣರಾಜಪುರದವರೆಗೆ, ಹಗಲು ಕಚೇರಿಯಲ್ಲಿ ದುಡಿದು ಇರುಳು ಮಹಾಪ್ರಬಂಧ ಬರೆಯುವವರುಂಟು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2022ರ ನಿಯಮಗಳು, ಕಚೇರಿಯ ಒಪ್ಪಿಗೆಪತ್ರ ತಂದವರಿಗೆ ಅರೆಕಾಲಿಕ ಸಂಶೋಧನೆಗೆ ಅವಕಾಶವಿತ್ತಿವೆ. ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯಾದರೆ ಇನ್ನು 2 ವರ್ಷ. ಮಹಿಳೆಯರಿಗೂ ಶೇಕಡ 40ಕ್ಕೆ ಮೀರಿದ ಅಂಗವೈಕಲ್ಯವುಳ್ಳವರಿಗೂ ಮತ್ತೆ 2 ವರ್ಷಗಳ ರಿಯಾಯಿತಿ ದೊರೆಯಬಹುದು.

ಇಷ್ಟು ಕಾಲವಿದ್ದೂ ಪ್ರಬಂಧ ಮುಗಿಯದಿರುವುದೇಕೆ? ಅನೇಕ ವೇಳೆ ಬುದ್ಧಿಯ ಕೊರತೆಯಿಂದಲ್ಲ, ಸಂಗ್ರಹದ ಆಸೆಯಿಂದ. ಇನ್ನೊಂದು ಗ್ರಂಥ ನೋಡೋಣ, ಇನ್ನಷ್ಟು ಅಂಕಿಅಂಶ ಕೂಡಿಸೋಣ ಎನ್ನುತ್ತಿರುವಾಗಲೇ ವರ್ಷಗಳು ಸರಿಯುತ್ತವೆ, ಉತ್ಸಾಹ ಉಡುಗುತ್ತದೆ, ಮನೆಯವರ ತಾಳ್ಮೆಯೂ ತೀರುತ್ತದೆ.

ಆಯ್ದಕ್ಕಿ ಮಾರಯ್ಯನ ಕಥೆ ಇಲ್ಲಿ ದಾರಿದೀಪ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಆತನು ವಾಡಿಕೆಗಿಂತ ಹೆಚ್ಚು ತಂದನು. ಸತಿ ಲಕ್ಕಮ್ಮ ಸಂತೋಷಪಡಲಿಲ್ಲ. ಅಂದಿಗೆ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳು.

ಸಂಶೋಧಕನು ಕಲಿಯಬೇಕಾದುದು ಈ ಮಿತಿಯನ್ನೇ. ತನ್ನ ಪ್ರಶ್ನೆಯನ್ನು ಮೊದಲು ಒಂದೇ ವಾಕ್ಯದಲ್ಲಿ ಬರೆದಿಡಲಿ. ಅದಕ್ಕೆ ಉತ್ತರವಾಗದ ಸಾಮಗ್ರಿ ಎಷ್ಟೇ ರುಚಿಕರವಾಗಿರಲಿ, ಅದು ಹೆಚ್ಚಿನ ಅಕ್ಕಿ. ಮುಂದಿನ ಗ್ರಂಥಕ್ಕೆ ಬಿಡಲಿ. ಕಚೇರಿಗೆ ಹೊರಡುವ ಮುನ್ನ ದಿನಕ್ಕೊಂದು ಪುಟ ಬರೆಯಲಿ. ಅಧ್ಯಾಯವು ಅಂದಗೊಳ್ಳುವವರೆಗೆ ಕಾಯದೆ, ಕರಡನ್ನೇ ಮಾರ್ಗದರ್ಶಕರ ಮುಂದಿಡಲಿ. ತಪ್ಪನ್ನು ಮುಚ್ಚಿದ ಶಿಷ್ಯನನ್ನು ಯಾವ ಗುರುವೂ ತಿದ್ದಲಾರನು.

ಪದವಿಯ ಹಿಂದೆ ಮುಂಬಡ್ತಿಯೂ ನಾಯಕತ್ವವೂ ಬರಬಹುದು. ಆಗಲೂ ಶರಣರ ನಡೆಯೇ ಆದರ್ಶ. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರೂ ಅನುಭವಮಂಟಪದ ಶೂನ್ಯಪೀಠವನ್ನು ಅಲ್ಲಮಪ್ರಭುಗಳಿಗೆ ಒಪ್ಪಿಸಿದರು. ಮಾರಯ್ಯನು ಸತಿಯ ಮಾತಿಗೆ ಮುನಿಯದೆ ಅಕ್ಕಿಯೊಡನೆ ಹಿಂದಿರುಗಿದನು. ತನಗಿಂತ ಬಲ್ಲವರಿಗೆ ಎಡೆಗೊಡುವುದು, ಕೈಕೆಳಗಿನವರ ತಿದ್ದುಪಡಿಯನ್ನು ಮನ್ನಿಸುವುದು, ಇವೆರಡೂ ಇಲ್ಲದ ಅಧಿಕಾರ ಬರಿಯ ಭಾರ.

ಪದವಿಯು ಕಾಯಕದ ಫಲ. ಆ ಅರಿವನ್ನು ಇತರರಿಗೆ ಹಂಚುವುದೇ ದಾಸೋಹ. ಬೇಕಾದಷ್ಟನ್ನು ಆಯ್ದು, ಮಿಕ್ಕುದನ್ನು ಬಿಟ್ಟು, ಹಿಡಿದ ಕಾಯಕವನ್ನು ಮುಗಿಸಿದವನೇ ಆ ದಾಸೋಹಕ್ಕೆ ಅರ್ಹನು.